ರೂಪ ಒಂದು, ಧಾತು ಬೇರೆ

ಹಳಗನ್ನಡದಲ್ಲಿ ‘ತಿಳಿ’ ಎಂಬರ್ಥದ ‘ಅಱಿ’ ಬೇರೆ, ‘ಕತ್ತರಿಸು’ ಎಂಬರ್ಥದ ‘ಅರಿ’ ಬೇರೆ. ಶಕಟರೇಫವು ಬಳಕೆಯಿಂದ ಬಿಟ್ಟುಹೋದ ಮೇಲೆ ಎರಡೂ ಒಂದೇ ರೂಪ ತಾಳಿದವು. ಮಕ್ಕಳ ವರ್ತನೆಯನ್ನು ಓದುವಲ್ಲಿಯೂ ಇಂತಹ ರೂಪಸಾಮ್ಯವು ಉಪಾಧ್ಯಾಯರನ್ನು ದಾರಿ ತಪ್ಪಿಸುತ್ತಿದೆ ಎಂಬುದು ನನ್ನ ಅಭಿಮತ.

ಒಡನಾಡಿಗಳೊಡನೆ ಬೆರೆಯದ, ಕರೆದರೆ ಮುಖವೆತ್ತದ ಬಾಲಕನನ್ನು ‘ಮೊಂಡ’ ಎನ್ನುವುದು ರೂಢಿ. ಆತನು ಆಟಿಸಂ ಉಳ್ಳವನಾಗಿದ್ದರೆ ಪರರ ಮುಖಭಾವ, ದನಿಯ ಏರಿಳಿತಗಳ ಸಂಕೇತವು ಅವನಿಗೆ ಸುಲಭವಾಗಿ ತಿಳಿಯದು. ಅವಧಾನದ ಕೊರತೆಯೂ ಅತಿಚಟುವಟಿಕೆಯೂ ಉಳ್ಳವನು ಸಾಮಾನ್ಯವಾಗಿ ಸಂಕೇತವನ್ನು ಬಲ್ಲ. ಸರದಿ ಕಾಯುವುದು ಮಾತ್ರ ಅವನಿಗೆ ದುಸ್ಸಾಧ್ಯ. ಎಳವೆಯಲ್ಲಿ ತನ್ನವರೆಂಬವರೇ ಇಲ್ಲದೆ ಘೋರ ಅನಾದರದಲ್ಲಿ ಬೆಳೆದವನಾದರೋ ನೊಂದಾಗಲೂ ಸಾಂತ್ವನವನ್ನರಸಿ ಹಿರಿಯರ ಬಳಿ ಬಾರನು. ಇಂತಹವರಲ್ಲೇ ಕೆಲವರು ತದ್ವಿರುದ್ಧವಾಗಿ ಅಪರಿಚಿತರ ಕೈಹಿಡಿದು ಹೊರಟುಬಿಡುವರು.

1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಅನ್ನು ವರ್ಣಿಸಿದನು. 1967ರ ತನ್ನ ಗ್ರಂಥದಲ್ಲಿ ಬ್ರೂನೋ ಬೆಟಲ್‌ಹೈಂ ಎಂಬವನು ಹೆತ್ತವರ ನಿರ್ಲಿಪ್ತತೆಯ ಮೇಲೆ ಅದರ ಹೊಣೆ ಹೊರಿಸಿದನು. ಈ ಮಾತು ಎಷ್ಟು ತಾಯಂದಿರ ಒಡಲನ್ನು ಸುಟ್ಟಿತೋ! ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದುದು, ತಾಯಿಯ ಅಪರಾಧವಲ್ಲ.

1989ರಲ್ಲಿ ರುಮೇನಿಯದ ಚೌಷೆಸ್ಕು ಆಳ್ವಿಕೆ ಕುಸಿದಾಗ ಅಲ್ಲಿನ ಅನಾಥಾಲಯಗಳ ದುಃಸ್ಥಿತಿ ಲೋಕಕ್ಕೆ ತಿಳಿಯಿತು. ಇಂಗ್ಲೆಂಡಿಗೆ ದತ್ತುಹೋದ ಅಲ್ಲಿನ ಕೂಸುಗಳನ್ನು ಮೈಕೇಲ್ ರಟರ್ ಬಳಗವು ಅಧ್ಯಯನ ಮಾಡಿತು. ಕೆಲವರಲ್ಲಿ ಆಟಿಸಂ ಅನ್ನೇ ಹೋಲುವ ಲಕ್ಷಣಗಳಿದ್ದವು. ಆದರೆ ಮನೆಯ ಆರೈಕೆಯಲ್ಲಿ ಹಲವರಲ್ಲಿ ಅವು ವರ್ಷಗಳು ಕಳೆದಂತೆ ತಗ್ಗಿದವು. ಬುಖಾರೆಸ್ಟಿನಲ್ಲಿ 136 ಮಕ್ಕಳನ್ನು ಕುರಿತು ನಡೆದ ಇನ್ನೊಂದು ಅಧ್ಯಯನದಲ್ಲಿ, ಸಾಕುಮನೆ ಸೇರಿದವರ ಮುದುಡಿದ ಸ್ವಭಾವವು ಬಹಳಮಟ್ಟಿಗೆ ಅರಳಿತು. ಅಪರಿಚಿತರ ಬೆನ್ನುಹತ್ತುವ ಚಾಳಿ ಅಷ್ಟು ಸುಲಭವಾಗಿ ಬಿಡಲಿಲ್ಲ. 2013ರ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯು ಇವೆರಡನ್ನೂ ಬೇರೆ ಬೇರೆ ವ್ಯಾಧಿಗಳೆಂದು ವಿಂಗಡಿಸಿತು. ಅವಧಾನದ ಕೊರತೆ ಮತ್ತು ಆಟಿಸಂ ಒಬ್ಬನಲ್ಲಿಯೇ ಇರಬಹುದೆಂದೂ ಅದು ಒಪ್ಪಿತು.

ಮನೆಯನ್ನು ನೆನೆದು ಅಳುವ ಪ್ರಸಾದನಿಲಯದ ಬಾಲಕನಿಗೆ ಈ ವ್ಯಾಧಿಯ ಹೆಸರನ್ನು ಅಂಟಿಸಲಾಗದು. ಅಳುವುದಕ್ಕೆ ಅವನಿಗೊಂದು ಮನೆಯಿದೆ. ನಿಜವಾಗಿ ಅನಾದರಕ್ಕೊಳಗಾದವನಿಗಾದರೋ ವರ್ಷವರ್ಷವೂ ಬದಲಾಗದ ಒಬ್ಬ ನಿಲಯಪಾಲಕರು ಬೇಕು. ಆಟಿಸಂ ಉಳ್ಳವನಿಗೆ ದಿನಚರಿಯ ಬದಲಾವಣೆಯನ್ನು ಮುಂಚಿತವಾಗಿ ತಿಳಿಸಬೇಕು. ವ್ಯಾಧಿನಿರ್ಣಯ ನಮ್ಮ ಕೆಲಸವಲ್ಲ. ಅದಕ್ಕೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಗಳಿವೆ. ಅಲ್ಲಿಗೆ ಕಳುಹಿಸುವ ಪತ್ರದಲ್ಲಿ ‘ಮೊಂಡ’ ಎಂದು ಬರೆಯದೆ, ಬಾಲಕನು ಯಾವಾಗ, ಯಾರೊಡನೆ, ಹೇಗೆ ವರ್ತಿಸಿದನೆಂಬುದನ್ನು ಬರೆಯೋಣ.