ಹದಿನೈದರ ಹರೆಯದ ‘ರಾತ್ರಿ’

ಅಮೆರಿಕದ ಅನೇಕ ಪ್ರೌಢಶಾಲೆಗಳಲ್ಲಿ ಎಲೀ ವೀಸೆಲರ ‘ನೈಟ್’ ಎಂಬ ಸ್ಮೃತಿಕಥನವನ್ನು ಪಾಠವಾಗಿ ಓದಿಸುತ್ತಾರೆ. 1944ರ ಮೇ ತಿಂಗಳಲ್ಲಿ ಸಿಗೆಟ್ ಪಟ್ಟಣದ ಯಹೂದ್ಯರನ್ನು ದನದ ಬಂಡಿಗಳಲ್ಲಿ ತುಂಬಿ ಔಶ್ವಿಟ್ಜ್‌ಗೆ ಒಯ್ದಾಗ ವೀಸೆಲರಿಗೆ 15 ವರ್ಷ; ಓದುವ ಮಕ್ಕಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ತಾಯಿಯೂ ಪುಟ್ಟ ತಂಗಿಯೂ ಇಳಿದೊಡನೆಯೇ ಅಗಲಿದರು. 1945ರ ಜನವರಿಯಲ್ಲಿ ಬುಖೆನ್‌ವಾಲ್ಡ್ ಶಿಬಿರದಲ್ಲಿ ತಂದೆ ಮಗನ ಹೆಸರು ಹಿಡಿದು ಕರೆಯುತ್ತ ಕಣ್ಮುಚ್ಚಿದರು. ಏಟಿನ ಭಯಕ್ಕೆ ಮಗ ಓಗೊಡಲಿಲ್ಲ.

ಪಾಠದ ಕಷ್ಟವೆಲ್ಲ ಈ ಪುಟದಲ್ಲಿದೆ. ಮಗನದು ತಪ್ಪೇ ಎಂದು ಕೇಳಿದರೆ ಮಕ್ಕಳು ಥಟ್ಟನೆ ತೀರ್ಪಿತ್ತುಬಿಡುತ್ತಾರೆ. (ಹಿರಿಯರಾದ ನಾವೇನು ಅದರಲ್ಲಿ ಹಿಂದೆಯೇ?) ಹಸಿವು, ಹಿಮದೊಳಗಿನ ನಡಿಗೆ ಮನುಷ್ಯನನ್ನು ಏನು ಮಾಡುತ್ತವೆಂಬುದನ್ನು ಮೊದಲು ನಿಧಾನವಾಗಿ ಓದಿಸಬೇಕು. ಹಾಗೆಂದು ತರಗತಿಯಲ್ಲಿ ಶಿಬಿರದ ಅಣಕುಪ್ರಯೋಗ ಹೂಡಬಾರದೆಂದು ವಾಷಿಂಗ್ಟನ್ನಿನ ಯಹೂದ್ಯ ನರಮೇಧ ಸ್ಮಾರಕ ಸಂಗ್ರಹಾಲಯವು ಶಿಕ್ಷಕರಿಗೆ ತಿಳಿಹೇಳಿದೆ. ನಮಗೂ ಅದು ಸರಿಯೆನಿಸುತ್ತದೆ. ಬೆಂಚುಗಳನ್ನು ಒತ್ತೊತ್ತಾಗಿಟ್ಟು ಕೂರಿಸಿದರೆ ಮಕ್ಕಳಿಗೆ ಆ ರೈಲಿನ ಸಂಕಟ ತಿಳಿಯದು, ನಗು ಬಂದೀತು.

ಓದು ಮುಗಿದು ತರಗತಿ ಸುಮ್ಮನಾದರೆ ಗುರುಗಳು ಮಾತಿಗೆ ಅವಸರಪಡಬೇಕಿಲ್ಲ. ವೀಸೆಲರೇ ಸುಮಾರು 10 ವರ್ಷ ಮೌನವಾಗಿದ್ದು, 1956ರಲ್ಲಿ ಯಿದ್ದಿಷ್ ಭಾಷೆಯಲ್ಲಿ ಮೊದಲು ಈ ಕಥನವನ್ನು ಹೊರತಂದರು.