ಹದ ಮಾಡೋ ವಾಲ್ವ್ ಬೇರೆ, ತಡೆಯೋ ವಾಲ್ವ್ ಬೇರೆ

ಈ ಸಂಚಿಕೆ ಲಂಡನ್ನಿನ ಈಸ್ಟ್ ಹ್ಯಾಮ್‌ನಿಂದ. ಇಲ್ಲಿನ ಹಳೇ ಸಾಲುಮನೆಗಳಲ್ಲಿ ಚಳಿಗಾಲ ಕಳೆಯೋದು ರೇಡಿಯೇಟರ್ ನಂಬಿಕೊಂಡು. ಅದರ ಒಂದು ತುದಿಯಲ್ಲಿ ಅಂಕಿ ಬರೆದ ಒಂದು ವಾಲ್ವ್ ಇರತ್ತೆ. ಕೋಣೆಯ ಬಿಸಿ ನೋಡಿಕೊಂಡು ಅದು ತಾನೇ ನೀರನ್ನು ಹೆಚ್ಚು ಕಡಿಮೆ ಮಾಡತ್ತೆ. ಗೋಡೆಗೆ ಬಣ್ಣ ಹೊಡೆಯೋಕೆ ರೇಡಿಯೇಟರ್ ಕಳಚುವಾಗ ಅದನ್ನು ಸೊನ್ನೆಗೆ ತಿರುಗಿಸಿ "ಬಂದ್ ಆಯ್ತು" ಅಂದುಕೊಳ್ಳೋರು ಬಹಳ ಜನ. ಆದರೆ ರಾತ್ರಿ ತುಂಬಾ ತಣ್ಣಗಾದರೆ, ನೀರು ಹೆಪ್ಪುಗಟ್ಟದಿರಲಿ ಅಂತ ಆ ವಾಲ್ವ್ ತಾನಾಗಿಯೇ ತೆರೆದುಕೊಳ್ಳಬಹುದು. ಬೆಳಿಗ್ಗೆ ಎದ್ದರೆ ನೆಲದ ತುಂಬ ನೀರು! ಅದಕ್ಕೇ ಕೆಲಸ ಬಲ್ಲ ಪ್ಲಂಬರ್ ಅದರ ತಲೆ ತೆಗೆದು ಮುಚ್ಚಳ ಬಿಗಿಯುತ್ತಾರೆ, ಪೈಪಿನ ಬಾಯಿಗೂ ಬಿರಡೆ ಹಾಕುತ್ತಾರೆ.

ನಾವು ಇವತ್ತು ಹೇಳಹೊರಟಿರೋದು ಇಷ್ಟೇ. ಹರಿವನ್ನು ಹದ ಮಾಡೋದು ಒಂದು ಕೆಲಸ, ಹರಿವನ್ನು ಪೂರ್ತಿ ತಡೆಯೋದು ಇನ್ನೊಂದು ಕೆಲಸ. ಎರಡನ್ನೂ ಒಂದೇ ವಾಲ್ವ್ ತಲೆಗೆ ಕಟ್ಟಬಾರದು. ಮನೆಯಲ್ಲಿ ಕಟ್ಟಿದರೆ ಕಾರ್ಪೆಟ್ ಒದ್ದೆಯಾಗತ್ತೆ. ಕಾರ್ಖಾನೆಯಲ್ಲಿ ಕಟ್ಟಿದರೆ ಜೀವ ಹೋಗಬಹುದು.

ಹದ ಮಾಡೋಕೆ ಹೇಳಿ ಮಾಡಿಸಿದ್ದು ಗ್ಲೋಬ್ ವಾಲ್ವ್. ಅದರ ಒಳಗೇನಿದೆ ಅಂತ ತಿಳಿಯೋಕೆ ನಮ್ಮೂರ ಕೆರೆಯ ತೂಬನ್ನು ನೆನೆಸಿಕೊಳ್ಳಿ. ಎರಡು ಕಲ್ಲುಕಂಬ, ನಡುವೆ ಅಡ್ಡಕಲ್ಲು, ಅದರ ತೂತಿನಿಂದ ಇಳಿಯುವ ಗಳು, ಗಳುವಿನ ತುದಿಗೆ ಬಿರಡೆ, ಕೆಳಗೆ ಕಲ್ಲಲ್ಲಿ ಕೊರೆದ ಕಂಡಿ. ನೀರುಗಂಟಿ ಎಷ್ಟು ಎತ್ತುತ್ತಾನೋ ಅಷ್ಟು ನೀರು. ಗ್ಲೋಬ್ ವಾಲ್ವ್‌ನಲ್ಲೂ ಹೀಗೇ: ಕಂಡಿಗೆ ಸೀಟು ಅಂತಾರೆ, ಬಿರಡೆಗೆ ಡಿಸ್ಕ್ ಅಂತಾರೆ. ಸೀಟಿನ ವ್ಯಾಸದ ಕಾಲುಭಾಗದಷ್ಟು ಡಿಸ್ಕ್ ಎತ್ತಿದರೆ ಸಾಕು, ಸುತ್ತಲಿನ ಸಂದಿಯ ವಿಸ್ತೀರ್ಣ ಕಂಡಿಯ ವಿಸ್ತೀರ್ಣಕ್ಕೆ ಸಮ ಆಗತ್ತೆ. ಅಷ್ಟರೊಳಗೆ ಬೇಕಾದಲ್ಲಿ ನಿಲ್ಲಿಸಬಹುದು.

ಆದರೆ ಇದಕ್ಕೆ ಬೆಲೆ ಇದೆ. ಗ್ಲೋಬ್ ವಾಲ್ವ್‌ನೊಳಗೆ ನೀರು ನೆಟ್ಟಗೆ ಹೋಗಲ್ಲ, ಹಾವಿನ ಹಾಗೆ ಬಳುಕಿ ಹತ್ತಿ ಇಳಿಯಬೇಕು. ಪೂರ್ತಿ ತೆರೆದ ಗೇಟ್ ವಾಲ್ವ್‌ನ ನಷ್ಟದ ಗುಣಾಂಕ ಸುಮಾರು 0.2 ಅಂತ ಪಠ್ಯಪುಸ್ತಕಗಳು ಹೇಳುತ್ತವೆ, ಗ್ಲೋಬ್‌ನದ್ದು ಸುಮಾರು 10. ಅಂದ್ರೆ ಒತ್ತಡದ ನಷ್ಟ ಹೆಚ್ಚುಕಡಿಮೆ 50 ಪಟ್ಟು. ಆ ನಷ್ಟವನ್ನು ಪಂಪಿನ ಕರೆಂಟ್ ಬಿಲ್ಲಿನಲ್ಲಿ ವರ್ಷಗಟ್ಟಲೆ ತೆರಬೇಕು.

ಹಾಗಂತ ಗೇಟ್ ವಾಲ್ವನ್ನೇ ಅರ್ಧ ತೆರೆದು ಹದ ಮಾಡಿದರೆ? ರಭಸದ ನೀರಿಗೆ ಅದರ ಹಲಗೆ ಅದುರತ್ತೆ, ಅಂಚು ಸವೆಯತ್ತೆ, ಕೊನೆಗೆ ಮುಚ್ಚಿದರೂ ಸೋರತ್ತೆ. ಬಾಲ್ ವಾಲ್ವ್ ಅರ್ಧ ತೆರೆದಿಟ್ಟರೆ ಅದರ ಮೆತ್ತನೆಯ ಸೀಟಿಗೂ ಅದೇ ಗತಿ.

ಹಾಗಾಗಿ ವಾಲ್ವ್ ಆರಿಸುವಾಗ ಮೊದಲು ಕೇಳಬೇಕಾದ್ದು "ಪೈಪಿನ ಸೈಜ್ ಎಷ್ಟು" ಅಂತಲ್ಲ, "ಇದು ದಿನವಿಡೀ ಏನು ಮಾಡತ್ತೆ" ಅಂತ. ಆಮೇಲೆ "ಒಳಗೆ ಹರಿಯೋದು ಏನು". ಈಸ್ಟ್ ಹ್ಯಾಮ್ ಬಳಿಯ ಗ್ರೀನ್‌ವೇ ಅನ್ನೋ ಕಾಲುದಾರಿಯಲ್ಲಿ ನಡೆದಾಡಿದವರಿಗೆ ಗೊತ್ತು, ಅದರ ಅಡಿಯಲ್ಲೇ 19ನೇ ಶತಮಾನದ ದೊಡ್ಡ ಒಳಚರಂಡಿ ಬೆಕ್ಟನ್ ಕಡೆಗೆ ಹೋಗತ್ತೆ. ಅಂಥ ಕೊಳಚೆನೀರಿಗೆ ಗ್ಲೋಬ್ ವಾಲ್ವ್ ಹಾಕಿದರೆ ಬಟ್ಟೆಚೂರು, ಮರಳು ಎಲ್ಲಾ ಆ ಬಳುಕಿನಲ್ಲೇ ಸಿಕ್ಕಿಕೊಳ್ಳತ್ತೆ. ಉಗಿ, ಶುದ್ಧ ನೀರಿನಂಥವಕ್ಕೆ ಅದು ಸರಿಹೊಂದತ್ತೆ. ಮೂರನೇ ಪ್ರಶ್ನೆ ಅಳತೆಯದ್ದು. "ದೊಡ್ಡದಿರಲಿ ಬಿಡಿ" ಅಂತ ಪೈಪಿನಷ್ಟೇ ದೊಡ್ಡದು ಹಾಕಿದರೆ ಅದು ಸದಾ ಮುಚ್ಚುವ ಹಂತದಲ್ಲೇ ಕೆಲಸ ಮಾಡತ್ತೆ, ಸೀಟು ಬೇಗ ಹಾಳಾಗತ್ತೆ. ಹದ ಮಾಡುವ ವಾಲ್ವ್ ಎಷ್ಟೋ ಸಲ ಪೈಪಿಗಿಂತ ಚಿಕ್ಕದಿರೋದೇ ಸರಿ.

"ಹೊಸ ಗ್ಲೋಬ್ ವಾಲ್ವ್ ಚೆನ್ನಾಗೇ ಮುಚ್ಚತ್ತಲ್ಲ, ಎರಡೆರಡು ವಾಲ್ವ್ ಖರ್ಚು ಯಾಕೆ" ಅನ್ನಬಹುದು. ನಿಜ, ಮುಚ್ಚತ್ತೆ. ಉಗಿಯ ಪೈಪುಗಳಲ್ಲಿ ತಡೆಯೋಕೇ ಅಂತ ಗ್ಲೋಬ್ ಹಾಕೋದೂ ಉಂಟು. ಆದರೆ ಹಗಲೂ ರಾತ್ರಿ ಹದ ಮಾಡಿ ಸವೆದ ಸೀಟನ್ನು ನಂಬಿ, ಪೈಪಿನೊಳಗೆ ಕೈ ಹಾಕು ಅಂತ ಕೆಲಸಗಾರನಿಗೆ ಹೇಳೋದು ನ್ಯಾಯ ಅಲ್ಲ. ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್‌ನ ಎಚ್‌ಎಸ್‌ಜಿ 253 ಅನ್ನೋ ಮಾರ್ಗದರ್ಶಿ ಇದಕ್ಕೆ ಮೆಟ್ಟಿಲುಗಳನ್ನೇ ಹಾಕಿದೆ. ಪೈಪನ್ನೇ ಕಳಚೋದು ಅಥವಾ ನಡುವೆ ಲೋಹದ ತಟ್ಟೆ ಇಡೋದು ಎಲ್ಲಕ್ಕಿಂತ ಮೇಲು. ಎರಡು ವಾಲ್ವ್ ಮುಚ್ಚಿ ನಡುವಿನ ಒತ್ತಡ ಹೊರಬಿಟ್ಟು ಪರೀಕ್ಷಿಸೋದು ಅದರ ನಂತರ. ಪರೀಕ್ಷೆ ಇಲ್ಲದೆ ಬರೀ ವಾಲ್ವ್ ಮುಚ್ಚೋದು ಕೊನೆಯ ಮೆಟ್ಟಿಲು.

ಇಂಥ ಎಚ್ಚರ ತಪ್ಪಿದರೆ ಏನಾಗತ್ತೆ ಅನ್ನೋದಕ್ಕೆ 1988ರ ಜುಲೈ 6 ಸಾಕ್ಷಿ. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಪಂಪೊಂದರ ಸುರಕ್ಷತಾ ವಾಲ್ವನ್ನು ರಿಪೇರಿಗೆ ತೆಗೆದಿದ್ದರು. ಆ ಜಾಗಕ್ಕೆ ಇಟ್ಟ ತಟ್ಟೆ ಬಿಗಿಯಾಗಿ ಕೂತಿರಲಿಲ್ಲ. ಈ ಸುದ್ದಿ ರಾತ್ರಿ ಪಾಳಿಯವರಿಗೆ ತಲುಪದೆ ಪಂಪು ಚಾಲೂ ಮಾಡಿದರು ಅಂತ ಲಾರ್ಡ್ ಕಲೆನ್ ವಿಚಾರಣೆ ಕಂಡುಕೊಂಡಿತು. 167 ಜನ ಸತ್ತರು. ಅಲ್ಲಿ ತಪ್ಪು ಗ್ಲೋಬ್ ವಾಲ್ವ್‌ನದ್ದಲ್ಲ. "ಮುಚ್ಚಿದೆ" ಅನ್ನೋ ಮಾತನ್ನು ಪರೀಕ್ಷಿಸದೇ ನಂಬಿದ್ದು ತಪ್ಪು. ಅದರ ಮುಂದೆ ಇನ್ನೊಂದು ವಾಲ್ವ್‌ನ ಖರ್ಚು ಯಾವ ಲೆಕ್ಕ?

ಕೊನೆಗೆ ಮನೆಮಟ್ಟದ ಒಂದು ಮಾತು. ಈಸ್ಟ್ ಹ್ಯಾಮ್ ಇರಲಿ, ಬ್ರಿಟನ್ನಿನ ಬೇರೆ ಊರಿರಲಿ, ಅಡುಗೆಮನೆಯ ಸಿಂಕ್ ಕೆಳಗೆ ಸಾಮಾನ್ಯವಾಗಿ ಇಡೀ ಮನೆಯ ನೀರು ನಿಲ್ಲಿಸುವ ಸ್ಟಾಪ್‌ಕಾಕ್ ಇರತ್ತೆ. ಅದೂ ಗ್ಲೋಬ್ ಕುಟುಂಬದ್ದೇ. ನೀರಿನ ರಭಸ ಜಾಸ್ತಿ ಅಂತ ಅದನ್ನು ಅರ್ಧ ಮುಚ್ಚಿಡಬೇಡಿ, ವಾಷರ್ ಸವೆದು ಹೋಗತ್ತೆ. ಅದರ ಕೆಲಸ ತಡೆಯೋದು ಮಾತ್ರ. ವರ್ಷಕ್ಕೆರಡು ಸಲ ಮುಚ್ಚಿ ತೆರೆದು ನೋಡಿ, ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ, ಆಗ ಬೇಗ ಬಿಗಿದುಕೊಳ್ಳಲ್ಲ. ಅದು ಎಲ್ಲಿದೆ ಅಂತ ಮನೆಯ ಮಕ್ಕಳಿಗೂ ತೋರಿಸಿಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.