ಹತ್ತು ಮೆಟ್ಟಿಲುಗಳ ಲಯ

ಮಾರಿಕುಪ್ಪದಿಂದ ಹೊರಟು ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್. ಅನ್ನು ಹಾದು ಬಂಗಾರಪೇಟೆಗೆ ಬರುವ ಬೆಳಗಿನ ರೈಲುಗಾಡಿಯಲ್ಲಿ, ಬೆಂಗಳೂರಿನ ಕೆಲಸಕ್ಕೆ ಧಾವಿಸುವ ಜನಜಂಗುಳಿಯ ನಡುವೆ, ಜೀವಶಾಸ್ತ್ರದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸಕ್ಕರೆಯ ವಿಭಜನೆಯ ಹತ್ತು ಮೆಟ್ಟಿಲುಗಳನ್ನು ತುಟಿಯಲ್ಲೇ ಉರುಹೊಡೆಯುವ ಪಿ.ಯು. ವಿದ್ಯಾರ್ಥಿಗಳನ್ನು ಕಂಡಾಗಲೆಲ್ಲ ನನ್ನ ಮನಸ್ಸಿಗೆ ಖೇದವುಂಟಾಗುತ್ತದೆ. ಗ್ಲೂಕೋಸಿನಿಂದ ಪೈರುವೇಟಿನವರೆಗಿನ ಹೆಸರುಗಳೆಲ್ಲ ಅವರಿಗೆ ಕಂಠಸ್ಥವಾಗಿವೆ. ಆದರೆ ಆ ಸೋಪಾನಪರಂಪರೆಯು ಎಲ್ಲ ಕಾಲಕ್ಕೂ ಒಂದೇ ಸಮನಾಗಿ ಸಾಗದೆ, ಸಂದರ್ಭವೊದಗಿದಾಗ ಉಸಿರಿನಂತೆ ಏರಿಳಿಯುವುದೆಂಬ ಸಂಗತಿ ಅವರ ಪಾಠದಲ್ಲಿಲ್ಲ.

ಬೇಕರಿಯಲ್ಲಿ ಬನ್ನನ್ನು ಉಬ್ಬಿಸುವ ಯೀಸ್ಟನ್ನು ಕೆಲಕಾಲ ಹಸಿವಿನಲ್ಲಿರಿಸಿ, ಆಮೇಲೆ ಗ್ಲೂಕೋಸನ್ನುಣಿಸಿ, ಆಮ್ಲಜನಕದ ಬಳಕೆಯನ್ನು ತಡೆದರೆ, ಕೋಶದೊಳಗಿನ ಒಂದು ದ್ರವ್ಯವು ಅತಿನೇರಳೆ ಬೆಳಕಿನಲ್ಲಿ ಸೂಸುವ ಮಂದಪ್ರಭೆ ಸುಮಾರು ಅರ್ಧ ನಿಮಿಷದಿಂದ ಒಂದು ನಿಮಿಷಕ್ಕೊಮ್ಮೆ ಹೆಚ್ಚಿ ತಗ್ಗುತ್ತದೆ. ಇದರ ಮೊದಲ ಸುಳಿವನ್ನು 1957ರಲ್ಲಿ ಹಾಲೆಂಡಿನ ಡೊಯಿಸೆನ್ಸ್ ಮತ್ತು ಆಮೆಸ್ ಕಂಡರು. 1964ರಲ್ಲಿ ಫಿಲಡೆಲ್ಫಿಯಾದ ಬ್ರಿಟನ್ ಚಾನ್ಸ್ ಮತ್ತು ಸಂಗಡಿಗರು ಅದನ್ನು ವಿಶದಪಡಿಸಿದರು.

ಈ ಲಯದ ಮರ್ಮವು ಮುಖ್ಯವಾಗಿ ಮೂರನೆಯ ಮೆಟ್ಟಿಲಿನ ಫಾಸ್ಫೊಫ್ರಕ್ಟೊಕೈನೇಸ್ ಎಂಬ ಕಿಣ್ವದಲ್ಲಿದೆ. ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಸಮೃದ್ಧವಾಗಿದ್ದಾಗ ಈ ಕಿಣ್ವ ಮಂದಗತಿಗೆ ಇಳಿಯುತ್ತದೆ, ಅದರ ಮುಂದೆ ಕಚ್ಚಾವಸ್ತು ಕೂಡಿಬೀಳುತ್ತದೆ, ಎ.ಟಿ.ಪಿ. ಖರ್ಚಾದಂತೆ ಕಿಣ್ವ ಎಚ್ಚೆತ್ತು, ತಾನೇ ಉತ್ಪಾದಿಸಿದ ವಸ್ತುಗಳಿಂದ ಮತ್ತಷ್ಟು ಪ್ರಚೋದಿತವಾಗಿ, ಮುಂದಿರುವುದನ್ನೆಲ್ಲ ಮುಗಿಸಿ, ಪುನಃ ಸೊರಗುತ್ತದೆ. ಆದಕಾರಣ ಕಿಣ್ವದ ಕಚ್ಚಾವಸ್ತು ಏರಿದಾಗ ಅದು ಉತ್ಪಾದಿಸುವ ವಸ್ತು ಇಳಿದಿರುತ್ತದೆ. ಗಣಿಬಾವಿಯಲ್ಲಿ ಒಂದು ಕೇಜು ಇಳಿದರೆ ಇನ್ನೊಂದು ಏರುತ್ತಿದ್ದುದನ್ನು ಅಜ್ಜಂದಿರ ಬಾಯಿಂದ ಕೇಳಿ ಬೆಳೆದ ಕೆ.ಜಿ.ಎಫ್. ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವೆ? ವ್ಯತ್ಯಾಸವಿಷ್ಟೇ: ಅಲ್ಲಿ ಗಂಟೆಯ ಸನ್ನೆಯನ್ನು ಕೇಳಿ ಯಂತ್ರವನ್ನು ನಡೆಸುವವನೊಬ್ಬನಿದ್ದ, ಇಲ್ಲಿ ನಡೆಸುವವರಿಲ್ಲ, ಸನ್ನೆ ಮಾಡುವವರಿಲ್ಲ, ರಾಸಾಯನಿಕ ಕ್ರಿಯೆಗಳ ಪರಸ್ಪರ ಸಂಬಂಧದಿಂದಲೇ ತಾಳ ಹುಟ್ಟುತ್ತದೆ. ಕೋಟ್ಯಂತರ ಕೋಶಗಳು ಅಸಿಟಾಲ್ಡಿಹೈಡನ್ನು ಹೊರಸೂಸಿ, ಪರಸ್ಪರರ ಸುಳಿವನ್ನರಿತು, ಒಂದೇ ತಾಳಕ್ಕೆ ಬಂದು ಸೇರುವುದಂತೂ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಇದು ಯೀಸ್ಟಿನ ವಿಷಯ ಮಾತ್ರವಲ್ಲ. ನಮ್ಮ ಮೇದೋಜೀರಕ ಗ್ರಂಥಿಯೂ ಇನ್ಸುಲಿನ್ನನ್ನು ಧಾರೆಯಾಗಿ ಸುರಿಸದೆ, ಸುಮಾರು 5 ನಿಮಿಷಕ್ಕೊಮ್ಮೆ ಮಿಡಿತವಾಗಿ ಬಿಡುತ್ತದೆ. ಅದಕ್ಕೆ ಸಕ್ಕರೆಯ ವಿಭಜನೆಯ ಈ ಲಯವೂ ಕಾರಣವೆಂಬುದು ಅನೇಕ ಸಂಶೋಧಕರ ಅಭಿಮತ. ಮಧುಮೇಹಿಗಳ ಹತ್ತಿರದ ಬಂಧುಗಳಲ್ಲಿ, ರೋಗವು ಪೂರ್ಣವಾಗಿ ಪ್ರಕಟವಾಗುವ ಮುನ್ನವೇ, ಆ ಮಿಡಿತದ ಕ್ರಮ ಕೆಟ್ಟಿರುವುದನ್ನು ಆಕ್ಸ್‌ಫರ್ಡಿನ ವೈದ್ಯರು 1988ರಲ್ಲಿ ವರದಿಮಾಡಿದರು. ಸಕ್ಕರೆ ಕಾಯಿಲೆಯ ಮಾತು ಮನೆಮನೆಯಲ್ಲೂ ಕೇಳಿಬರುವ ಈ ಕಾಲದಲ್ಲಿ ಇದನ್ನು ತಿಳಿಯದೆ ಜೀವಶಾಸ್ತ್ರದಲ್ಲಿ ತೇರ್ಗಡೆಯಾಗಬಹುದೆಂಬುದು ನನಗೆ ಸರಿದೋರುವುದಿಲ್ಲ.

ಹತ್ತಿರದ ದೃಷ್ಟಾಂತವೂ ಇದೆ. ಆ ರೈಲು ತಲುಪುವ ಬೆಂಗಳೂರಿನಲ್ಲಿಯೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂದೀಪ್ ಕೃಷ್ಣ ಮತ್ತು ಇನ್‌ಸ್ಟೆಮ್ ಸಂಸ್ಥೆಯ ಸುನಿಲ್ ಲಕ್ಷ್ಮಣ್ ಅವರು, ಯೀಸ್ಟ್ ಕೋಶಗಳು ವಿಶ್ರಾಂತಿಗೂ ಬೆಳವಣಿಗೆಗೂ ನಡುವೆ ಗಂಟೆಗಟ್ಟಲೆಯ ಅವಧಿಯಲ್ಲಿ ತೂಗಾಡುವ ಬೇರೊಂದು ಲಯಕ್ಕೆ 2018ರಲ್ಲಿ ಗಣಿತದ ಮಾದರಿಯನ್ನು ಕೊಟ್ಟರು. 1965ರಲ್ಲಿ ಭೂಗರ್ಭದ ಆಳದಲ್ಲಿ ನ್ಯೂಟ್ರಿನೋಗಳ ಕುರುಹನ್ನು ಹಿಡಿದುಕೊಟ್ಟ ಕೆ.ಜಿ.ಎಫ್. ಊರಿನ ಮಕ್ಕಳಿಗೆ ವಿಜ್ಞಾನವು ದೂರದ ದೇಶದ ಸರಕೆಂದು ತೋರಬೇಕಾದ ಕಾರಣವೇನೂ ಇಲ್ಲ.

ಪದವಿಪೂರ್ವ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಹತ್ತು ಮೆಟ್ಟಿಲುಗಳ ಪಾಠದ ಕೊನೆಗೆ ಒಂದು ಪುಟವೂ ಒಂದು ನಕ್ಷೆಯೂ ಸೇರಲಿ. ಪರೀಕ್ಷೆಯಲ್ಲಿ ಹೆಸರುಗಳ ಪಟ್ಟಿಯನ್ನು ಕೇಳುವ ಬದಲು, ಮೂರನೆಯ ಕಿಣ್ವ ಏಕೆ ನಿಧಾನಿಸುತ್ತದೆ, ಏಕೆ ಮತ್ತೆ ಚುರುಕಾಗುತ್ತದೆ ಎಂದು ಕೇಳಲಿ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ; ಬಂಗಾರಪೇಟೆಯ ಅಧ್ಯಾಪಕರೊಬ್ಬರಿಗೆ ಕರಿಹಲಗೆಯ ಮೇಲೆ ಆ ಎರಡು ಅಲೆಗಳನ್ನು, ಒಂದು ಏರುವಾಗ ಇನ್ನೊಂದು ಇಳಿಯುವಂತೆ, ಎಳೆದು ತೋರಿಸಲು ಅರ್ಧ ಗಂಟೆಯ ಬಿಡುವು ಸಿಕ್ಕರಾಯಿತು.